ಬೆಳಕಿನ ಬಡತನ

ಹಳೆಯ ಕಾಲೇಜುಗಳ ಮತ್ತು ಕ್ರೀಡಾಸಂಘಗಳ ಗೋಡೆಗಳ ಮೇಲೆ ಸಾಲಾಗಿ ತೂಗುಹಾಕಿರುವ ಆಟಗಾರರ ಛಾಯಾಚಿತ್ರಗಳನ್ನು ನಿಂತು ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು: ಅವುಗಳಲ್ಲಿ ಆಟಗಾರರು ಇದ್ದಾರೆ, ಆಟ ಇಲ್ಲ. ನಡುಸಾಲಿನ ಕುರ್ಚಿಗಳ ಮೇಲೆ ಪ್ರಾಂಶುಪಾಲರೂ ಅಧ್ಯಾಪಕರೂ ಗಂಭೀರರಾಗಿ ಕುಳಿತಿರುತ್ತಾರೆ. ಹಿಂದೆ ಎತ್ತರದ ಹುಡುಗರು ಕೈಕಟ್ಟಿ ನಿಂತಿರುತ್ತಾರೆ. ಮುಂದೆ ಚಿಕ್ಕವರು ಜಮಖಾನದ ಮೇಲೆ ಕಾಲು ಮಡಿಸಿ ಕುಳಿತಿರುತ್ತಾರೆ. ಗೆದ್ದ ಬಟ್ಟಲು ಮೇಜಿನ ಮೇಲಿದೆ. ಆದರೆ ಆ ಬಟ್ಟಲನ್ನು ಗೆದ್ದುಕೊಟ್ಟ ಹೊಡೆತ ಎಂತಹುದು, ಆ ಹುಡುಗ ನೆಗೆದಾಗ ಅವನ ಮೈ ಹೇಗೆ ಬಾಗಿತ್ತು, ಸೋತವನ ಮುಖದಲ್ಲಿ ಏನಿತ್ತು ಎಂಬುದನ್ನು ಆ ಚಿತ್ರ ಹೇಳಲಾರದು.

ಇದು ಬರಿಯ ಪದ್ಧತಿಯಿಂದ ಬಂದುದೆಂದು ತಿಳಿಯಬಾರದು. ಬಯಲಿನಲ್ಲಿ ನಡೆದ ಕ್ರಿಕೆಟ್ಟು, ಹಾಕಿ, ಓಟದ ಪಂದ್ಯಗಳ ಚಲನೆಯನ್ನು ಹಿಡಿದ ಚಿತ್ರಗಳು ಅದೇ ಕಾಲದವು ಎಷ್ಟೋ ಉಳಿದಿವೆ. ಉಳಿಯದೆ ಹೋದುವು ಛಾವಣಿಯ ಕೆಳಗೆ ನಡೆದ ಆಟಗಳು. ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಕುಸ್ತಿ, ಬಾಕ್ಸಿಂಗ್ ಮೊದಲಾದುವುಗಳಲ್ಲಿ ಎಷ್ಟು ಸಂಜೆಗಳ ಸೊಗಸು ನೋಡಿದವರ ನೆನಪಿನೊಡನೆಯೇ ಮಾಯವಾಯಿತೊ ಲೆಕ್ಕವಿಲ್ಲ. ಇದಕ್ಕೆ ಕಾರಣ ಆಸಕ್ತಿಯ ಕೊರತೆಯಲ್ಲ, ಬೆಳಕಿನ ಕೊರತೆ.

ಒಳಾಂಗಣದಲ್ಲಿ ಬೆಳಕು ಕಡಮೆಯೆಂದರೆ ಮೊದಲು ಯಾರೂ ನಂಬಲಾರರು. ಸಂಜೆ ದೀಪಗಳೆಲ್ಲ ಉರಿಯುತ್ತಿರುವ ಅಂಕಣವನ್ನು ಹೊಕ್ಕವನಿಗೆ ಅದು ಹಗಲಿನಂತೆಯೇ ಕಾಣುತ್ತದೆ. ಇದು ಕಣ್ಣಿನ ಔದಾರ್ಯ. ಕಣ್ಣು ತನ್ನ ಪಾಪೆಯನ್ನು ಹಿಗ್ಗಿಸಿ, ಒಳಗಿನ ಪಟಲದ ಸೂಕ್ಷ್ಮತೆಯನ್ನು ಹೆಚ್ಚಿಸಿಕೊಂಡು, ಕೊರತೆಯನ್ನು ಒಡೆಯನಿಗೆ ತಿಳಿಯಗೊಡದೆ ಸಂಸಾರವನ್ನು ತೂಗಿಸುತ್ತದೆ. ಅಳತೆಯ ಯಂತ್ರಕ್ಕೆ ಈ ದಾಕ್ಷಿಣ್ಯವಿಲ್ಲ. ನಿರ್ಮಲವಾದ ಆಕಾಶದಲ್ಲಿ ನಡುಹಗಲಿನ ಬಿಸಿಲು ಸುಮಾರು ೧,೦೦,೦೦೦ ಲಕ್ಸ್ ತೂಗಿದರೆ, ಸಾಮಾನ್ಯವಾದ ಆಟದ ಒಳಾಂಗಣದಲ್ಲಿ ದೊರೆಯುವುದು ೩೦೦ರಿಂದ ೫೦೦ ಲಕ್ಸ್ ಮಾತ್ರ. ಬಿಸಿಲಿನ ಮುನ್ನೂರರಲ್ಲಿ ಒಂದು ಪಾಲಿನಿಂದ ಚಿತ್ರಗಾರನು ತನ್ನ ಮನೆ ನಡೆಸಬೇಕು. ಅದೂ ಅತ್ಯಂತ ವೇಗದ ಚಲನೆಯನ್ನು ಹಿಡಿಯಬೇಕಾದ ಸಂದರ್ಭದಲ್ಲಿ.

ಅಲ್ಲದೆ ಎಲ್ಲ ಒಳಾಂಗಣಗಳೂ ಆಟಕ್ಕಾಗಿಯೇ ಕಟ್ಟಿದವುಗಳಲ್ಲ. ೧೯೮೦ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗ್‌ರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದ ಪ್ರಕಾಶ ಪಡುಕೋಣೆಯವರು ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದಲ್ಲಿ, ಕೆನರಾ ಯೂನಿಯನ್ನಿನ ಮದುವೆಯ ಹಾಲಿನಲ್ಲಿ. ಲಗ್ನವಿಲ್ಲದ ದಿನ ಅದು ಆಟದ ಅಂಕಣವಾಗುತ್ತಿತ್ತು. ಇಂತಹ ಕಡೆಗಳಲ್ಲಿ ದೀಪಗಳನ್ನು ತೂಗುಹಾಕುವುದು ಊಟದ ಪಂಕ್ತಿಗೂ ಹಸೆಮಣೆಗೂ ಸಾಕಾಗುವಂತೆ. ಷಟಲ್ ಹಾರುವ ಎತ್ತರವನ್ನು ಅಲ್ಲಿ ಯಾರು ಯೋಚಿಸಿಯಾರು? ಕನ್ನಡ ನಾಡಿನ ಜಿಲ್ಲಾ ಕೇಂದ್ರಗಳಲ್ಲಿ ಈಗ ದೊಡ್ಡ ಒಳಾಂಗಣಗಳು ಎದ್ದಿವೆಯಾದರೂ, ಆಟದ ಬಹುಭಾಗ ನಡೆಯುವುದು ಇನ್ನೂ ಶಾಲೆಯ ಸಭಾಂಗಣಗಳಲ್ಲಿ, ಸಂಘದ ಷೆಡ್ಡುಗಳಲ್ಲಿ. ಬೆಳಕಿನ ಬಡತನ ಎಲ್ಲಿದೆಯೊ ಪ್ರತಿಭೆಯೂ ಅನೇಕ ವೇಳೆ ಅಲ್ಲಿಯೇ ಇರುತ್ತದೆ.

ಈ ಬಡತನದೊಡನೆ ಛಾಯಾಗ್ರಾಹಕರು ನಡೆಸಿದ ಹೋರಾಟಕ್ಕೆ ಒಂದು ಚರಿತ್ರೆಯುಂಟು. ಮೊದಮೊದಲು ಮೆಗ್ನೀಸಿಯಂ ಪುಡಿಯನ್ನು ಉರಿಸಿ ಮಿಂಚನ್ನು ಪಡೆಯುತ್ತಿದ್ದರು. ಮಿಂಚಿನ ಹಿಂದೆಯೇ ಹೊಗೆಯೂ ಕೆಮ್ಮೂ ಬರುತ್ತಿದ್ದುವು. ೧೯೨೪ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಎರ್ನೆಮನ್ ಕಾರ್ಖಾನೆಯಿಂದ ಎರ್ಮನಾಕ್ಸ್ ಎಂಬ ಸಣ್ಣ ಕ್ಯಾಮರಾ ಬಂದಿತು. ಅದರ ಲೆನ್ಸಿನ ಕಂಡಿ ಎಫ್ ೨ರಷ್ಟು ಅಗಲ. ಅದನ್ನು ಹಿಡಿದು ಎರಿಕ್ ಸಾಲೊಮನ್ ಎಂಬಾತ ನ್ಯಾಯಾಲಯಗಳಲ್ಲಿಯೂ ರಾಜಕಾರಣಿಗಳ ಕೂಟಗಳಲ್ಲಿಯೂ ಮಿಂಚಿನ ಸಹಾಯವಿಲ್ಲದೆಯೇ ಚಿತ್ರಗಳನ್ನು ತೆಗೆದು ಲೋಕವನ್ನು ಬೆರಗುಗೊಳಿಸಿದನು. ಆ ಲೆನ್ಸನ್ನು ರೂಪಿಸಿದ ಲುಡ್ವಿಗ್ ಬೆರ್ಟೆಲೆಯೇ ೧೯೩೨ರಲ್ಲಿ ಜೈಸ್ ಕಂಪೆನಿಗಾಗಿ ಎಫ್ ೧.೫ರ ಸೊನ್ನಾರ್ ಲೆನ್ಸನ್ನು ಮಾಡಿಕೊಟ್ಟನು. ಆದರೆ ಸಾಲೊಮನ್ನನ ರಾಜಕಾರಣಿಗಳು ಕುರ್ಚಿಯಲ್ಲಿ ಕುಳಿತಿದ್ದರು ಎಂಬುದನ್ನು ಮರೆಯಬಾರದು. ಈಗಿನ ಅಳತೆಯಲ್ಲಿ ೧೦೦ ಎನ್ನುವಷ್ಟು ಸೂಕ್ಷ್ಮತೆಯ ಫಿಲ್ಮಿಗೆ, ೩೦೦ ಲಕ್ಸ್ ಬೆಳಕಿನಲ್ಲಿ, ಎಫ್ ೨ರ ಕಂಡಿಯನ್ನು ಪೂರ್ತಿ ತೆರೆದರೂ ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗದಷ್ಟು ಕಾಲ ಬೇಕು. ಮಾತಾಡುವ ಮಂತ್ರಿಗೆ ಅಷ್ಟು ಸಾಕು. ನೆಗೆಯುವ ಆಟಗಾರನು ಆ ಅವಧಿಯಲ್ಲಿ ಗೋಡೆಯ ಮೇಲಿನ ಕಲೆಯಂತೆ ಹರಡಿಹೋಗುತ್ತಾನೆ.

ಮುಂದಿನ ಹೆಜ್ಜೆಗಳನ್ನು ಬೇಗ ಹೇಳಿಬಿಡಬಹುದು. ೧೯೩೦ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ವಿದ್ಯುತ್ತಿನ ಕ್ಷಣಿಕ ಮಿಂಚನ್ನು ಪಳಗಿಸಿ ಹಾರುವ ಗುಂಡನ್ನೂ ನಿಲ್ಲಿಸಿ ತೋರಿಸಿದನು. ೧೯೫೪ರಲ್ಲಿ ಕೊಡಕ್ ಕಂಪೆನಿಯ ಟ್ರೈ–ಎಕ್ಸ್ ಫಿಲ್ಮು ಸಣ್ಣ ಕ್ಯಾಮರಾಗಳಿಗೆ ದೊರೆಯುವಂತಾಯಿತು. ೧೯೮೮ರಲ್ಲಿ ಅದೇ ಕಂಪೆನಿ ಟಿ–ಮ್ಯಾಕ್ಸ್ ಪಿ ೩೨೦೦ ಎಂಬ ಇನ್ನೂ ಚುರುಕಾದ ಫಿಲ್ಮನ್ನು ತಂದಿತು. ಅಷ್ಟರಲ್ಲಿ, ೧೯೬೯ರಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬಿಬ್ಬರು ಕಂಡುಹಿಡಿದಿದ್ದ, ಬೆಳಕನ್ನು ವಿದ್ಯುತ್ತಾಗಿ ಎಣಿಸುವ ಸಿಲಿಕಾನಿನ ಬಿಲ್ಲೆ ಫಿಲ್ಮಿನ ಸ್ಥಾನಕ್ಕೆ ಬರತೊಡಗಿತ್ತು. ೨೦೦೯ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಬಂದಿತು. ೨೦೦೭ರಲ್ಲಿ ಬಂದ ನಿಕಾನ್ ಡಿ ೩ ಕ್ಯಾಮರಾದಲ್ಲಿ ಸೂಕ್ಷ್ಮತೆಯ ಅಂಕ ೬೪೦೦ಕ್ಕೆ ಏರಿದಾಗ ಒಳಾಂಗಣದ ಆಟವನ್ನು ಇದ್ದ ಬೆಳಕಿನಲ್ಲಿಯೇ ಹಿಡಿಯುವುದು ಸಾಹಸವಾಗಿ ಉಳಿಯದೆ ನಿತ್ಯದ ಕೆಲಸವಾಯಿತು.

ಮಿಂಚನ್ನೇ ಏಕೆ ಬಳಸಬಾರದು ಎಂದು ಕೇಳಬಹುದು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಒಳಾಂಗಣಗಳಲ್ಲಿ ಛಾವಣಿಯ ಬಳಿ ದೊಡ್ಡ ಮಿಂಚುದೀಪಗಳನ್ನು ಕಟ್ಟಿ, ಕೆಳಗಿನ ಕ್ಯಾಮರಾ ಒತ್ತಿದೊಡನೆ ಬೆಳಗುವಂತೆ ಮಾಡಿರುವುದುಂಟು. ಬ್ಯಾಡ್ಮಿಂಟನ್ನಿನಲ್ಲಿ ಅದು ನಡೆಯದು. ಅಲ್ಲಿ ಆಟಗಾರನ ದೃಷ್ಟಿ ಸದಾ ಮೇಲಕ್ಕೆ, ದೀಪಗಳ ಕಡೆಗೇ ಏರುತ್ತಿರುತ್ತದೆ. ಷಟಲ್ಲಿನ ತೂಕ ೪.೭೪ರಿಂದ ೫.೫೦ ಗ್ರಾಂ, ಹದಿನಾರು ಗರಿಗಳ ಆ ಹಗುರ ವಸ್ತುವನ್ನು ಕಣ್ಣಿನಿಂದ ಒಂದು ಕ್ಷಣ ಜಾರಿಸಿದರೆ ಅಂಕ ಹೋಯಿತು. ಆದುದರಿಂದಲೇ ಪಂದ್ಯಗಳಲ್ಲಿ ಮಿಂಚುದೀಪ ನಿಷಿದ್ಧ. ನಿಷೇಧವಿಲ್ಲದ ಸಣ್ಣ ಪಂದ್ಯದಲ್ಲಿಯೂ ಸಜ್ಜನನಾದ ಚಿತ್ರಗಾರನು ಅದನ್ನು ಹೊತ್ತಿಸುವುದಿಲ್ಲ. ಒಬ್ಬನ ಚಿತ್ರಕ್ಕಾಗಿ ಇನ್ನೊಬ್ಬನ ಆಟ ಕೆಡಬಾರದು ಎಂಬುದು ಈ ವಿದ್ಯೆಯ ಮೊದಲನೆಯ ಮರ್ಯಾದೆ.

ಹಾಗಾದರೆ ಇದ್ದ ಬೆಳಕಿನಲ್ಲಿಯೇ ಬಾಳಬೇಕು. ಈ ಬಾಳುವೆಯಲ್ಲಿ ಮೂವರು ಪಾಲುಗಾರರು: ಬೆಳಕನ್ನು ಎಷ್ಟು ಹೊತ್ತು ಒಳಕ್ಕೆ ಬಿಡಬೇಕೆಂಬುದನ್ನು ನಿರ್ಣಯಿಸುವ ಷಟರು, ಎಷ್ಟು ಅಗಲವಾಗಿ ಬಿಡಬೇಕೆಂಬುದನ್ನು ನಿರ್ಣಯಿಸುವ ಲೆನ್ಸಿನ ಕಂಡಿ, ಒಳಗೆ ಬಂದುದನ್ನು ಎಷ್ಟು ಹಿಗ್ಗಿಸಿ ತೋರಿಸಬೇಕೆಂಬುದನ್ನು ನಿರ್ಣಯಿಸುವ ಐ.ಎಸ್.ಓ. ಅಂಕ. ಬಡ ಸಂಸಾರದಲ್ಲಿ ಅಕ್ಕಿಗೆ ಹೆಚ್ಚು ತೆತ್ತರೆ ಬಟ್ಟೆಗೆ ಕಡಮೆಯಾಗುವಂತೆ, ಇಲ್ಲಿ ಒಬ್ಬನಿಗೆ ಕೊಟ್ಟದ್ದನ್ನು ಇನ್ನೊಬ್ಬನಿಂದ ಕಿತ್ತುಕೊಳ್ಳಬೇಕು. ಮೊತ್ತ ಬೆಳೆಯುವಂತಿಲ್ಲ. ೩೦೦ ಲಕ್ಸಿನ ಅಂಕಣದಲ್ಲಿ ಲೆಕ್ಕ ಹೀಗೆ ಬರುತ್ತದೆ: ಐ.ಎಸ್.ಓ. ೩೨೦೦, ಕಂಡಿ ಎಫ್ ೨.೮, ಕಾಲ ಸೆಕೆಂಡಿನ ೫೦೦ರಲ್ಲಿ ಒಂದು ಭಾಗ. ಕಾಲವನ್ನು ೧೦೦೦ರಲ್ಲಿ ಒಂದಕ್ಕೆ ಇಳಿಸಬೇಕೆಂದರೆ ಐ.ಎಸ್.ಓ. ೬೪೦೦ಕ್ಕೆ ಏರಬೇಕು, ಇಲ್ಲವೆ ಕಂಡಿ ಎಫ್ ೨ಕ್ಕೆ ಅಗಲವಾಗಬೇಕು. ಈ ಒಂದು ಸಾಲನ್ನು ನೆನಪಿನಲ್ಲಿಟ್ಟುಕೊಂಡವನು ಯಾವ ಒಳಾಂಗಣಕ್ಕೆ ಹೋದರೂ ದಿಕ್ಕುಗೆಡಲಾರನು.

ಷಟರಿನ ಮಾತು ಮೊದಲು. ಸೆಕೆಂಡಿಗೆ ೫ ಮೀಟರು ಓಡುವ ಆಟಗಾರನು ೧೨೫ರಲ್ಲಿ ಒಂದು ಭಾಗದ ಅವಧಿಯಲ್ಲಿ ೪ ಸೆಂಟಿಮೀಟರು ಸರಿಯುತ್ತಾನೆ, ೫೦೦ರಲ್ಲಿ ಒಂದರಲ್ಲಿ ಒಂದು ಸೆಂಟಿಮೀಟರು, ೧೦೦೦ರಲ್ಲಿ ಒಂದರಲ್ಲಿ ಅರ್ಧ ಸೆಂಟಿಮೀಟರು. ಮೊದಲನೆಯದರಲ್ಲಿ ಮುಖದ ಗುರುತು ಹೋಗುತ್ತದೆ, ಎರಡನೆಯದು ಸಹ್ಯ, ಮೂರನೆಯದರಲ್ಲಿ ಬೆವರಿನ ಹನಿಯೂ ನಿಲ್ಲುತ್ತದೆ. ಷಟಲ್ಲಿನ ಕಥೆಯೇ ಬೇರೆ. ೨೦೨೩ರ ಏಪ್ರಿಲಿನಲ್ಲಿ ಜಪಾನಿನಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಆಂಧ್ರದ ಸಾತ್ವಿಕ್ ಸಾಯಿರಾಜ್ ರಂಕಿರೆಡ್ಡಿಯವರು ಹೊಡೆದ ಷಟಲ್ ಗಂಟೆಗೆ ೫೬೫ ಕಿಲೋಮೀಟರು ವೇಗವನ್ನು ಮುಟ್ಟಿ ಗಿನ್ನೆಸ್ ದಾಖಲೆಯಾಯಿತು. ಆ ವೇಗದಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿಯೂ ಅದು ೧೬ ಸೆಂಟಿಮೀಟರು, ಎಂದರೆ ತನ್ನ ಉದ್ದದ ಎರಡರಷ್ಟು, ಹಾರಿಬಿಡುತ್ತದೆ. ರ‍್ಯಾಕೆಟ್ಟನ್ನು ಬಿಟ್ಟ ಕ್ಷಣದಲ್ಲಿ ಅದನ್ನು ಗರಿಗರಿಯಾಗಿ ಹಿಡಿಯುವೆನೆಂಬ ಹಟವನ್ನು ಮಬ್ಬು ಬೆಳಕಿನಲ್ಲಿ ಬಿಡುವುದೇ ಲೇಸು. ಬಿಳಿಯ ಗೆರೆಯಾಗಿ ಅದು ಚಿತ್ರದಲ್ಲಿ ನಿಂತರೆ ತಪ್ಪೇನು? ಹೊಡೆತದ ರಭಸವನ್ನು ಆ ಗೆರೆಯೇ ಹೇಳುತ್ತದೆ.

ಎರಡನೆಯ ಪಾಲುಗಾರ ಲೆನ್ಸು. ಎಫ್ ಎಂಬ ಅಂಕದ ಅರ್ಥ ಸರಳವಾದುದು: ಲೆನ್ಸಿನ ನಾಭಿದೂರವನ್ನು ಅದರ ಕಂಡಿಯ ಅಡ್ಡಳತೆಯಿಂದ ಭಾಗಿಸಿದರೆ ಬರುವ ಸಂಖ್ಯೆ. ಸಂಖ್ಯೆ ಸಣ್ಣದಾದಷ್ಟೂ ಕಂಡಿ ದೊಡ್ಡದು. ೧.೪, ೨, ೨.೮, ೪, ೫.೬ ಎಂಬ ಮೆಟ್ಟಲುಗಳಲ್ಲಿ ಒಂದೊಂದು ಮೆಟ್ಟಲಿಗೂ ಬೆಳಕು ಅರ್ಧವಾಗುತ್ತದೆ. ೫೦ ಮಿಲಿಮೀಟರಿನ ಎಫ್ ೧.೮ ಲೆನ್ಸಿಗೆ ೨೮ ಮಿಲಿಮೀಟರಿನ ಕಂಡಿ ಸಾಕು. ಆದುದರಿಂದ ಅದು ಚಿಕ್ಕದು, ಹಗುರ, ಅಗ್ಗ. ೨೦೦ ಮಿಲಿಮೀಟರಿನಲ್ಲಿ ಎಫ್ ೨.೮ ಬೇಕೆಂದರೆ ಕಂಡಿ ೭೧ ಮಿಲಿಮೀಟರು ಆಗಬೇಕು. ೭೦–೨೦೦ರ ಜೂಮ್ ಲೆನ್ಸುಗಳು ಒಂದರಿಂದ ಒಂದೂವರೆ ಕಿಲೋಗ್ರಾಮಿನವರೆಗೆ ತೂಗುವುದಕ್ಕೂ, ಅವುಗಳ ಬೆಲೆ ಮಧ್ಯಮ ವರ್ಗದ ಗೃಹಸ್ಥನ ಎದೆ ನಡುಗಿಸುವುದಕ್ಕೂ ಇದೇ ಕಾರಣ. ಕ್ಯಾಮರಾದ ಜೊತೆಯಲ್ಲಿ ಸಾಮಾನ್ಯವಾಗಿ ಬರುವ ಲೆನ್ಸನ್ನು ದೂರಕ್ಕೆ ಚಾಚಿದಾಗ ಅದರ ಕಂಡಿ ಎಫ್ ೫.೬ಕ್ಕೆ ಕುಗ್ಗುತ್ತದೆ. ಎಫ್ ೨.೮ಕ್ಕೆ ಹೋಲಿಸಿದರೆ ಕಾಲುಪಾಲು ಬೆಳಕು.

ಆದರೆ ಬಡವನಿಗೂ ಒಂದು ದಾರಿಯುಂಟು. ಬ್ಯಾಡ್ಮಿಂಟನ್ ಅಂಕಣದ ಉದ್ದ ೧೩.೪ ಮೀಟರು, ಅಗಲ ೬.೧ ಮೀಟರು ಅಷ್ಟೆ. ಫುಟ್‌ಬಾಲಿನಂತೆ ಆಟಗಾರ ದೂರ ಹೋಗಿಬಿಡುವುದಿಲ್ಲ. ಹತ್ತಿರ ಕುಳಿತುಕೊಳ್ಳಲು ಅನುಮತಿ ಸಿಕ್ಕಿದರೆ ೮೫ ಮಿಲಿಮೀಟರಿನ ಎಫ್ ೧.೮ ಲೆನ್ಸೊಂದು ದೊಡ್ಡ ಜೂಮಿಗಿಂತ ಎರಡು ಪಟ್ಟಿಗೂ ಮಿಗಿಲಾದ ಬೆಳಕನ್ನು ಒಳಕ್ಕೆ ತರುತ್ತದೆ. ಜೂಮಿಲ್ಲದ ಕೊರತೆಯನ್ನು ಚಿತ್ರಗಾರನ ಕಾಲುಗಳು ತುಂಬಬೇಕು. ಇದಕ್ಕೂ ತೆರಬೇಕಾದ ಬೆಲೆಯೊಂದಿದೆ. ದೊಡ್ಡ ಬಿಲ್ಲೆಯ ಕ್ಯಾಮರಾದಲ್ಲಿ, ಆರು ಮೀಟರು ದೂರದ ಆಟಗಾರನನ್ನು ಈ ಲೆನ್ಸಿನಿಂದ ಪೂರ್ತಿ ತೆರೆದ ಕಂಡಿಯಲ್ಲಿ ನೋಡಿದರೆ, ಸ್ಫುಟವಾಗಿ ನಿಲ್ಲುವ ಆಳ ಸುಮಾರು ಅರ್ಧ ಮೀಟರು ಮಾತ್ರ. ಕಣ್ಣಿಗೆ ಸ್ಫುಟತೆ ಕೂತರೆ ಚಾಚಿದ ರ‍್ಯಾಕೆಟ್ಟು ಮಸುಕಾದೀತು. ಕಣ್ಣಿಗೇ ಕೂರಿಸಬೇಕು. ಮುಖ ಸ್ಪಷ್ಟವಾಗಿದ್ದರೆ ಉಳಿದುದನ್ನು ನೋಡುವವನ ಮನಸ್ಸು ಪೂರ್ತಿಮಾಡಿಕೊಳ್ಳುತ್ತದೆ. ಹಿಂದಿನ ಗೋಡೆಯ ಜಾಹೀರಾತುಗಳೂ ಕುರ್ಚಿಗಳೂ ಕರಗಿಹೋಗುವುದು ಈ ಬೆಲೆಗೆ ದೊರೆಯುವ ಕೊಸರು.

ಮೂರನೆಯ ಪಾಲುಗಾರನ ವಿಷಯದಲ್ಲಿ ಜನರಿಗೆ ಭ್ರಮೆ ಹೆಚ್ಚು. ಐ.ಎಸ್.ಓ. ಏರಿಸಿದರೆ ಬೆಳಕು ಹೆಚ್ಚುತ್ತದೆಂದು ಕೆಲವರು, ಅದನ್ನು ಏರಿಸುವುದರಿಂದಲೇ ಚಿತ್ರದಲ್ಲಿ ರವೆರವೆಯಾದ ಚುಕ್ಕೆಗಳು ಹುಟ್ಟುತ್ತವೆಂದು ಕೆಲವರು ತಿಳಿದಿದ್ದಾರೆ. ಎರಡೂ ಸರಿಯಲ್ಲ. ಅಂಗಳದಲ್ಲಿ ನೂರಾರು ಬಟ್ಟಲುಗಳನ್ನು ಒತ್ತೊತ್ತಾಗಿ ಇಟ್ಟಿದ್ದಾರೆಂದು ಭಾವಿಸಬೇಕು. ಜೋರುಮಳೆ ಹೊಯ್ದರೆ ಎಲ್ಲ ಬಟ್ಟಲುಗಳಲ್ಲಿಯೂ ನೀರು ಹೆಚ್ಚುಕಡಮೆ ಸಮವಾಗಿ ನಿಲ್ಲುತ್ತದೆ. ತುಂತುರು ಬಿದ್ದು ನಿಂತರೆ ಒಂದರಲ್ಲಿ ಹತ್ತು ಹನಿ, ಪಕ್ಕದ್ದರಲ್ಲಿ ಆರು, ಇನ್ನೊಂದರಲ್ಲಿ ಹದಿನಾಲ್ಕು. ಬೆಳಕೂ ಹನಿಹನಿಯಾಗಿಯೇ ಬೀಳುತ್ತದೆ. ಸರಾಸರಿ ೧೦೦ ಹನಿ ಬೀಳುವ ಕಡೆ ಏರುಪೇರು ೧೦ರಷ್ಟು, ಎಂದರೆ ಹತ್ತರಲ್ಲಿ ಒಂದು ಪಾಲು; ೧೦,೦೦೦ ಬೀಳುವ ಕಡೆ ಏರುಪೇರು ೧೦೦, ನೂರರಲ್ಲಿ ಒಂದು ಪಾಲು ಮಾತ್ರ. ಚಿತ್ರದಲ್ಲಿ ಕಾಣುವ ಚುಕ್ಕೆಗಳಲ್ಲಿ ಬಹುಭಾಗ ಈ ತುಂತುರಿನ ಏರುಪೇರು. ಐ.ಎಸ್.ಓ. ಅದನ್ನು ಹುಟ್ಟಿಸುವುದಿಲ್ಲ, ಕ್ಷೀಣವಾದ ದನಿಯನ್ನು ಧ್ವನಿವರ್ಧಕ ದೊಡ್ಡದು ಮಾಡಿದಾಗ ದನಿಯೊಡನೆ ಗೊರಗೊರವೂ ದೊಡ್ಡದಾಗುವಂತೆ ಅದನ್ನು ಎತ್ತಿ ತೋರಿಸುತ್ತದೆ. ಹೆದರಿ ಐ.ಎಸ್.ಓ. ಇಳಿಸಿಟ್ಟು, ಕತ್ತಲೆಯಾದ ಚಿತ್ರವನ್ನು ಮನೆಗೆ ತಂದು ಬೆಳಗಿಸಹೊರಟವನಿಗೆ ಲಾಭವಿಲ್ಲ. ಅನೇಕ ವೇಳೆ ನಷ್ಟವೇ.

ಕೈಯಲ್ಲಿ ಹಿಡಿಯುವ ದೂರವಾಣಿಯ ಕ್ಯಾಮರಾ ಇಲ್ಲಿ ಸೋಲುವುದೂ ಈ ಕಾರಣದಿಂದಲೇ. ಅದರ ಬಟ್ಟಲುಗಳು ತೀರ ಚಿಕ್ಕವು. ರಾತ್ರಿಯ ಬೀದಿಯನ್ನು ಅದು ಸೊಗಸಾಗಿ ತೋರಿಸುವುದು ಒಂದರ ಮೇಲೊಂದು ಹಲವು ಚಿತ್ರಗಳನ್ನು ತೆಗೆದು ಕೂಡಿಸುವುದರಿಂದ. ಬೀದಿ ನಿಂತಲ್ಲಿ ನಿಂತಿರುತ್ತದೆ, ಆಟಗಾರ ನಿಲ್ಲುವುದಿಲ್ಲ. ಕೂಡಿಸಿದಾಗ ಅವನಿಗೆ ಎರಡು ಮೊಣಕೈಗಳು ಬಂದಾವು.

ಈಗ ತ್ಯಾಗದ ಪ್ರಶ್ನೆ. ಮೂವರನ್ನೂ ತೃಪ್ತಿಪಡಿಸಲಾಗದಿದ್ದಾಗ ಯಾರನ್ನು ಉಪವಾಸ ಕೆಡವಬೇಕು? ಇದನ್ನು ತೀರ್ಮಾನಿಸಲು ಒಂದೇ ವಿಚಾರ ಸಾಕು: ಯಾವ ದೋಷ ಕ್ಷಮಾರ್ಹ, ಯಾವುದು ಅಲ್ಲ? ಚುಕ್ಕೆಗಳಿರುವ ಚಿತ್ರದಲ್ಲಿ ಮನುಷ್ಯನ ಮುಖ ಇದೆ, ಭಾವ ಇದೆ. ಅಲುಗಿದ ಚಿತ್ರದಲ್ಲಿ ಅವು ಇಲ್ಲವೇ ಇಲ್ಲ. ಹೋದುದನ್ನು ಮರಳಿ ತರಲು ಯಾವ ವಿದ್ಯೆಯಿಂದಲೂ ಆಗದು. ಆದುದರಿಂದ ಮೊದಲು ಕಾಲವನ್ನು ಗೊತ್ತುಮಾಡಬೇಕು, ೫೦೦ರಲ್ಲಿ ಒಂದಕ್ಕಿಂತ ಸಡಿಲವಾಗದಂತೆ. ಆಮೇಲೆ ಕಂಡಿಯನ್ನು ಆದಷ್ಟು ತೆರೆಯಬೇಕು. ಉಳಿದ ಕೊರತೆಯನ್ನು ಐ.ಎಸ್.ಓ. ಹೊರಲಿ. ಚುಕ್ಕೆಗಳಿಗೆ ನಾಚಿಕೊಂಡು ಷಟರನ್ನು ಸಡಿಲಿಸುವವನು ಉಟ್ಟ ಬಟ್ಟೆಯ ಮಡಿಕೆಗಾಗಿ ಊಟವನ್ನೇ ಬಿಟ್ಟವನಂತೆ.

ಇಷ್ಟು ಅರಿತವನನ್ನೂ ದೀಪಗಳು ಮೋಸಗೊಳಿಸುತ್ತವೆ. ಭಾರತದಲ್ಲಿ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ ೫೦. ಆದುದರಿಂದ ಹಳೆಯ ಬಗೆಯ ಟ್ಯೂಬ್‌ಲೈಟುಗಳೂ ಪಾದರಸದ ದೀಪಗಳೂ ಸೆಕೆಂಡಿಗೆ ನೂರು ಸಲ ಹೊಳೆದು ಕುಂದುತ್ತವೆ. ಕಣ್ಣಿಗೆ ಇದು ತಿಳಿಯದು. ೫೦೦ರಲ್ಲಿ ಒಂದು ಭಾಗದ ಕಾಲಕ್ಕೆ ತೆರೆಯುವ ಷಟರಿಗೆ ಚೆನ್ನಾಗಿ ತಿಳಿಯುತ್ತದೆ: ಸಾಲಾಗಿ ತೆಗೆದ ಐದು ಚಿತ್ರಗಳಲ್ಲಿ ಒಂದು ಬೆಳ್ಳಗೆ, ಒಂದು ಮಂಕಾಗಿ, ಒಂದು ಹಳದಿಗೆ ತಿರುಗಿ, ಒಂದರ ಮೇಲೆ ಅಡ್ಡಪಟ್ಟೆ ಬಿದ್ದು ಬರುತ್ತವೆ. ಕ್ಯಾಮರಾ ಕೆಟ್ಟಿತೆಂದು ಅಂಗಡಿಗೆ ಹೊತ್ತುಕೊಂಡು ಹೋದವರೂ ಇರಬಹುದು. ಕೆಟ್ಟದ್ದೇನೂ ಇಲ್ಲ, ದೀಪದ ಉಸಿರಾಟ ಕಾಣಿಸಿತು, ಅಷ್ಟೆ. ದೊಡ್ಡ ಒಳಾಂಗಣಗಳಲ್ಲಿ ದೀಪಗಳನ್ನು ಮೂರು ಫೇಸುಗಳಿಗೆ ಹಂಚಿ, ಒಂದು ಕುಂದಿದಾಗ ಇನ್ನೊಂದು ಬೆಳಗುವಂತೆ ಮಾಡುತ್ತಾರೆ. ೨೦೧೪ರಲ್ಲಿ ಬಂದ ಕ್ಯಾನನ್ ೭ ಡಿ ಮಾರ್ಕ್ ೨ ಕ್ಯಾಮರಾದಲ್ಲಿ ಈ ಏರಿಳಿತವನ್ನು ಗುರುತಿಸಿ, ದೀಪ ಪೂರ್ಣವಾಗಿ ಬೆಳಗಿದ ಕ್ಷಣಕ್ಕೆ ಷಟರನ್ನು ಹೊಂದಿಸುವ ಏರ್ಪಾಟಿತ್ತು. ಅನಂತರ ಬಂದ ಅನೇಕ ಕ್ಯಾಮರಾಗಳಲ್ಲಿಯೂ ಅದು ಉಂಟು. ಎಲ್.ಇ.ಡಿ. ದೀಪಗಳಲ್ಲಿ ಕೆಲವು ಸ್ಥಿರ, ಕೆಲವು ಇನ್ನೂ ಚಂಚಲ. ಆಟಕ್ಕೆ ಮುಂಚೆ ನಾಲ್ಕು ಚಿತ್ರ ತೆಗೆದು ನೋಡುವುದೇ ಪರೀಕ್ಷೆ.

ಅಳತೆಯನ್ನು ಯಂತ್ರಕ್ಕೇ ಬಿಡುವುದೂ ಒಳ್ಳೆಯದಲ್ಲ. ಅಂಕಣದ ಹಿಂದೆ ಕಪ್ಪು ಪರದೆಯೊ ಕತ್ತಲೆಯ ಆಸನಗಳೊ ಇದ್ದರೆ ಯಂತ್ರ ಅದನ್ನು ನೋಡಿ ಮರುಗಿ, ಬೆಳಕನ್ನು ಹೆಚ್ಚಿಸಿ, ಬಿಳಿಯ ಅಂಗಿಯನ್ನು ಸುಣ್ಣದ ಗೋಡೆಯಂತೆ ಮಾಡಿಬಿಡುತ್ತದೆ. ಒಳಾಂಗಣಕ್ಕೆ ಒಂದು ಗುಣವಿದೆ: ಮೋಡ ಮುಸುಕುವುದಿಲ್ಲ, ಹೊತ್ತು ಮುಳುಗುವುದಿಲ್ಲ. ಸಂಜೆ ಐದಕ್ಕಿದ್ದ ಬೆಳಕು ರಾತ್ರಿ ಒಂಬತ್ತಕ್ಕೂ ಅಷ್ಟೆ. ಆದುದರಿಂದ ಆಟಗಾರರು ಮೈ ಬೆಚ್ಚಗೆ ಮಾಡಿಕೊಳ್ಳುವಾಗಲೇ ಅವರ ಮುಖಕ್ಕೆ ಸರಿಯಾದ ಅಳತೆಯನ್ನು ಕೈಯಾರೆ ಗೊತ್ತುಮಾಡಿ, ಬಿಳಿಯ ಕಾಗದವೊಂದನ್ನು ತೋರಿಸಿ ಬಣ್ಣದ ಸಮತೂಕವನ್ನು ನಿಲ್ಲಿಸಿಬಿಟ್ಟರೆ, ಆಮೇಲೆ ಆಟವನ್ನು ನೋಡುವುದೊಂದೇ ಕೆಲಸ.

ಆ ಕೆಲಸವೇ ಎಲ್ಲಕ್ಕಿಂತ ದೊಡ್ಡದು. ನೆಗೆದ ದೇಹ ಏರಿ, ಇಳಿಯುವ ಮುನ್ನ, ತುತ್ತತುದಿಯಲ್ಲಿ ಒಂದು ಕ್ಷಣ ತಡೆಯುತ್ತದೆ. ಭೂಮಿಯ ಸೆಳೆತದ ಲೆಕ್ಕದಂತೆ, ಆ ತುದಿಗೆ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗ ಮೊದಲೂ ಅಷ್ಟೇ ಅನಂತರವೂ ದೇಹ ಸುಮಾರು ೧.೨ ಸೆಂಟಿಮೀಟರಿನಷ್ಟೇ ತಗ್ಗಿನಲ್ಲಿರುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗದುದ್ದಕ್ಕೂ ಆ ಮೈ ಬೆರಳಗಲದೊಳಗೇ ತೂಗುತ್ತಿರುತ್ತದೆ. ಕೈ ಬೀಸುತ್ತಿರಬಹುದು, ಮುಖವೂ ಎದೆಯೂ ನಿಶ್ಚಲ. ಈ ಕ್ಷಣವನ್ನು ಬಲ್ಲವನಿಗೆ ೨೫೦ರಲ್ಲಿ ಒಂದು ಭಾಗದ ಷಟರಿನಲ್ಲಿಯೂ ಸ್ಫುಟವಾದ ಮುಖ ದೊರೆಯುತ್ತದೆ. ಸಾವಿರಾರು ರೂಪಾಯಿನ ಲೆನ್ಸಿನಿಂದ ಕೊಳ್ಳಬೇಕಾಗಿದ್ದ ಒಂದು ಮೆಟ್ಟಲು ಬೆಳಕನ್ನು ಅವನು ತಿಳಿವಳಿಕೆಯಿಂದ ಪಡೆದಂತಾಯಿತು. ಹಾಗೆಯೇ, ಅಡ್ಡಲಾಗಿ ಓಡುವವನಿಗಿಂತ ಎದುರಿಗೆ ಬರುವವನು ಚಿತ್ರದಲ್ಲಿ ಕಡಮೆ ಅಲುಗುತ್ತಾನೆ. ಸರ್ವ್ ಮಾಡುವ ಮುನ್ನ ಎಲ್ಲವೂ ಸ್ತಬ್ಧ. ಅಂಕ ಮುಗಿದೊಡನೆ ಕಾಲು ನಿಂತು ಮುಖ ಮಾತಾಡತೊಡಗುತ್ತದೆ. ಗೆದ್ದವನ ಮುಷ್ಟಿಗಿಂತ ಸೋತವನು ರ‍್ಯಾಕೆಟ್ಟಿನ ತಂತಿಗಳನ್ನು ನೋಡುತ್ತ ನಿಲ್ಲುವ ಆ ಗಳಿಗೆಯಲ್ಲಿ ಹೆಚ್ಚು ಕಥೆಯಿರುತ್ತದೆ.

ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಒಳಗೆ ಕನ್ನಡಿಯಿರುವ ಕ್ಯಾಮರಾಗಳಲ್ಲಿ, ಷಟರು ತೆರೆಯುವಾಗ ಆ ಕನ್ನಡಿ ಮೇಲಕ್ಕೆ ಹಾರಿ ನೋಡುವ ಕಿಂಡಿಯನ್ನು ಕತ್ತಲೆಮಾಡುತ್ತದೆ. ಎಂದರೆ ಚಿತ್ರದಲ್ಲಿ ನಿಂತ ಕ್ಷಣವನ್ನು ಚಿತ್ರಗಾರನು ಕಂಡೇ ಇರುವುದಿಲ್ಲ. ಕಂಡಿದ್ದರೆ ಅದು ಚಿತ್ರದಲ್ಲಿ ಇಲ್ಲ. ಅಲ್ಲದೆ ಕಣ್ಣು ಕಂಡುದಕ್ಕೆ ಬೆರಳು ಓಗೊಡಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ. ಆದುದರಿಂದ ಒಳ್ಳೆಯ ಚಿತ್ರವೆಲ್ಲ ಒಂದು ಊಹೆ. ಆಟಗಾರನು ಹಿಂದಕ್ಕೆ ಹೆಜ್ಜೆಯಿಟ್ಟು ಭುಜವನ್ನು ತಿರುಗಿಸಿದನೆಂದರೆ ಮುಂದೆ ಬರುವುದು ಸ್ಮ್ಯಾಷ್ ಎಂದು ಎದುರಾಳಿ ಹೇಗೆ ಊಹಿಸುವನೊ ಚಿತ್ರಗಾರನೂ ಹಾಗೆಯೇ ಊಹಿಸಬೇಕು. ಕನ್ನಡಿಯಿಲ್ಲದ ಹೊಸ ಕ್ಯಾಮರಾಗಳು ಈ ಕತ್ತಲೆಯನ್ನು ನೀಗಿವೆ. ೨೦೨೩ರಲ್ಲಿ ಪ್ರಕಟವಾದ ಸೋನಿ ಎ ೯–೩ ಸೆಕೆಂಡಿಗೆ ೧೨೦ ಚಿತ್ರಗಳನ್ನು ತೆಗೆಯಬಲ್ಲುದು. ಆದರೆ ಸಾವಿರ ಚಿತ್ರಗಳ ರಾಶಿಯಲ್ಲಿ ಯಾವುದು ಆಟದ ಆತ್ಮವೆಂದು ಆರಿಸುವುದಕ್ಕೂ ಅದೇ ತಿಳಿವಳಿಕೆ ಬೇಕು. ಯಂತ್ರ ಆಯ್ಕೆಯನ್ನು ಮುಂದೂಡಿತೇ ಹೊರತು ತಪ್ಪಿಸಲಿಲ್ಲ.

ಕೊನೆಯದಾಗಿ ಈಚೆಗೆ ಎದ್ದಿರುವ ಒಂದು ಪ್ರಶ್ನೆ. ಚುಕ್ಕೆಗಳನ್ನು ಅಳಿಸುವ ಗಣಕದ ಉಪಾಯಗಳು ಈಗ ಬಹಳ ಮುಂದುವರಿದಿವೆ. ಅಸಂಖ್ಯಾತ ಚಿತ್ರಗಳನ್ನು ನೋಡಿ ಕಲಿತ ಯಂತ್ರ, ತುಂತುರಿನ ಏರುಪೇರನ್ನು ಒರಸಿ, ಅದರ ಜಾಗದಲ್ಲಿ ಇರಬಹುದಾದುದನ್ನು ಬರೆಯುತ್ತದೆ. ಮಿತವಾಗಿ ಬಳಸಿದರೆ ಇದು ದೂಳು ಒರಸಿದಂತೆ. ಮಿತಿಮೀರಿದರೆ ಹುಡುಗಿಯ ಕೆನ್ನೆ ಮೇಣವಾಗುತ್ತದೆ, ಹುಬ್ಬಿನ ಮೇಲಿನ ಗಾಯದ ಗುರುತು ಮಾಯವಾಗುತ್ತದೆ, ಅಂಗಿಯ ಮೇಲೆ ಇಲ್ಲದ ನೇಯ್ಗೆ ಮೂಡುತ್ತದೆ. ಅಲ್ಲಿಗೆ ಅದು ಸಾಕ್ಷಿಯ ಪದವಿಯಿಂದ ಇಳಿದು ಅಲಂಕಾರವಾಯಿತು. ಚಿತ್ರದಲ್ಲಿ ಇಲ್ಲದುದನ್ನು ಸೇರಿಸಬಾರದೆಂಬುದು ವಾರ್ತಾಸಂಸ್ಥೆಗಳ ಹಳೆಯ ಕಟ್ಟಳೆ. ಬೆಳಕು ಹೇಳದೆ ಬಿಟ್ಟದ್ದನ್ನು ಊಹಿಸಿ ಹೇಳುವುದಕ್ಕಿಂತ, ಇಷ್ಟೇ ಕಂಡಿತು ಎಂದು ಒಪ್ಪುವ ಒರಟು ಚಿತ್ರ ಹೆಚ್ಚು ಮಾನವುಳ್ಳದ್ದು.

ಜಗತ್ತಿನ ದೊಡ್ಡ ಪಂದ್ಯಗಳಲ್ಲಿ ದೂರದರ್ಶನಕ್ಕಾಗಿ ದೀಪಗಳನ್ನು ಸುರಿದಿರುತ್ತಾರೆ. ನೂರು ಕ್ಯಾಮರಾಗಳು ಕಾದಿರುತ್ತವೆ. ಅಲ್ಲಿ ಒಬ್ಬರು ಬಿಟ್ಟ ಕ್ಷಣವನ್ನು ಇನ್ನೊಬ್ಬರು ಹಿಡಿಯುತ್ತಾರೆ. ತಾಲ್ಲೂಕಿನ ಸಭಾಂಗಣದಲ್ಲಿ, ನಾಲ್ಕು ಟ್ಯೂಬ್‌ಲೈಟುಗಳ ಕೆಳಗೆ, ಮೊದಲ ಸಲ ಜಿಲ್ಲೆಯ ತಂಡಕ್ಕೆ ಆಯ್ಕೆಯಾಗಲು ಆಡುವ ಹುಡುಗಿಗೆ ಒಬ್ಬನೇ ಚಿತ್ರಗಾರ. ಅನೇಕ ವೇಳೆ ಅವನು ಅವಳ ಅಣ್ಣನೊ ಶಾಲೆಯ ಮೇಷ್ಟರೊ ಆಗಿರುತ್ತಾನೆ. ಅವನ ಕೈಯಲ್ಲಿ ಹಳೆಯ ಕ್ಯಾಮರಾ, ೫೦ ಮಿಲಿಮೀಟರಿನ ಅಗ್ಗದ ಲೆನ್ಸು. ಅಷ್ಟು ಸಾಕು. ಕಂಡಿಯನ್ನು ಪೂರ್ತಿ ತೆರೆದು, ಷಟರನ್ನು ೫೦೦ಕ್ಕೆ ನಿಲ್ಲಿಸಿ, ಚುಕ್ಕೆಗಳ ಚಿಂತೆ ಬಿಟ್ಟು, ಅವಳ ಆಟವನ್ನು ಬಲ್ಲವನಾಗಿ ಬಲೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರೆ, ಆ ಸಂಜೆ ಅವಳು ನೆಗೆದ ನೆಗೆತವೊಂದು ಉಳಿಯುತ್ತದೆ. ಮೂವತ್ತು ವರ್ಷಗಳ ಮೇಲೆ ಅವಳ ಮಕ್ಕಳು ಆ ಚಿತ್ರವನ್ನು ಕೈಗೆತ್ತಿಕೊಂಡಾಗ ಐ.ಎಸ್.ಓ. ಎಷ್ಟಿತ್ತೆಂದು ಕೇಳುವುದಿಲ್ಲ.